ಹದಿನೆಂಟು ತುಂಬಿತು, ಇನ್ನು ಹೊರಡು

(ಕಳೆದ ಭಾನುವಾರ ಸಂಜೆ ನಗರದ ವಾಚನಾಲಯದಲ್ಲಿ ಸೇರಿದ್ದ ಸಭೆಯಲ್ಲಿ ನಿವೃತ್ತ ಅಧ್ಯಾಪಕರೊಬ್ಬರು ಮಾಡಿದ ಭಾಷಣದ ಪಾಠ. - ಸಂ.)



ಭೂಮಿ, ಕೂಲಿ, ಬೆಲೆ ಇವುಗಳ ಮೇಲೆ ಮಾತನಾಡಬಲ್ಲವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ನಾನು ಇಂದು ಎತ್ತಿಕೊಂಡಿರುವ ವಿಷಯಕ್ಕೆ ಸಂಘವಿಲ್ಲ, ಮೆರವಣಿಗೆಯಿಲ್ಲ, ಹೆಚ್ಚು ಮತಗಳೂ ಇಲ್ಲ. ಸರಕಾರದ ಬಾಲಮಂದಿರಗಳಲ್ಲಿ, ಖಾಸಗಿ ಅನಾಥಾಲಯಗಳಲ್ಲಿ, ಅಲ್ಲೊಬ್ಬರು ಇಲ್ಲೊಬ್ಬರಂತೆ ಸಾಕುಮನೆಗಳಲ್ಲಿ ಬೆಳೆದ ಮಕ್ಕಳು ಹದಿನೆಂಟು ವರ್ಷ ತುಂಬಿದ ಮೇಲೆ ಎಲ್ಲಿಗೆ ಹೋಗುತ್ತಾರೆ? ಅವರಲ್ಲಿ ಓದುವ ಮನಸ್ಸಿರುವವರು ಕಾಲೇಜು ಮುಗಿಸುವುದು ಹೇಗೆ? ಇದೇ ನನ್ನ ವಿಷಯ.

ಮೊದಲು ಒಬ್ಬ ಹುಡುಗನ ಸಂಗತಿ ಹೇಳಿಬಿಡುತ್ತೇನೆ. ಅವನ ಹೆಸರು ಹೇಳುವುದಿಲ್ಲ. ಒಂದು ಬಾಲಮಂದಿರದಲ್ಲಿ ಬೆಳೆದು, ಪಿ.ಯು.ಸಿ.ಯಲ್ಲಿ ನನ್ನ ಕೈಕೆಳಗೆ ಓದಿದವನು. ಲೆಕ್ಕದಲ್ಲಿ ಚುರುಕು. ಎರಡನೆಯ ವರ್ಷದ ಪರೀಕ್ಷೆ ಮುಗಿದು, ಫಲಿತಾಂಶ ಬರುವುದಕ್ಕೆ ಮುಂಚೆಯೇ ಅವನಿಗೆ ಹದಿನೆಂಟು ತುಂಬಿತು. ಒಂದು ತಗಡಿನ ಪೆಟ್ಟಿಗೆ, ಎರಡು ಜೊತೆ ಬಟ್ಟೆ, ಒಂದು ಕಡತದ ನಕಲು, ಇಷ್ಟನ್ನು ಹಿಡಿದುಕೊಂಡು ಹೊರಗೆ ಬಂದ. ಆಮೇಲೆ ಸಿ.ಇ.ಟಿ.ಯಲ್ಲಿ ಪರಊರಿನ ಸರಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಶುಲ್ಕಕ್ಕೆ, ಊಟವಸತಿಗೆ ಬ್ಯಾಂಕಿನ ಸಾಲ ಬೇಕಾಯಿತು. ನಾಲ್ಕು ಲಕ್ಷ ರೂಪಾಯಿಯವರೆಗಿನ ವಿದ್ಯಾಸಾಲಕ್ಕೆ ಅಡವು ಬೇಡವೆಂದು ನಿಯಮವಿದೆ, ನಿಜ. ಆದರೆ ಅಡವಿನ ಬದಲು ಬ್ಯಾಂಕಿನವರು ತಂದೆಯದೋ ತಾಯಿಯದೋ ಸಹಿ ಕೇಳುತ್ತಾರೆ. ಅವನು ಯಾರ ಸಹಿ ತರಬೇಕು? ನನ್ನ ಮನೆಗೆ ಬಂದ. "ಸಾರ್, ತಾವೊಂದು ರುಜು ಹಾಕಿದರೆ ಆಗುತ್ತದಂತೆ" ಎಂದ.

ನಾನು "ಯೋಚಿಸಿ ಹೇಳುತ್ತೇನಪ್ಪಾ" ಎಂದೆ. ಒಂದು ವಾರ ಯೋಚಿಸಿದೆ. ನಿವೃತ್ತಿಗೆ ಎರಡು ವರ್ಷವಿತ್ತು, ಮಗಳ ಮದುವೆಯಾಗಬೇಕಾಗಿತ್ತು, ಮನೆಯ ಸಾಲ ತೀರಿರಲಿಲ್ಲ. ನಾನು ರುಜು ಹಾಕಲಿಲ್ಲ. ಸೀಟಿಗೆ ಹಣ ಕಟ್ಟುವ ದಿನ ಕಳೆದುಹೋಯಿತು. ಅವನು ಒಂದು ಮಾತೂ ಆಡದೆ ಇಲ್ಲಿಯೇ ಬಿ.ಎಸ್‌ಸಿ.ಗೆ ಸೇರಿದ.

ಮಿತ್ರರೆ, ಇದನ್ನು ನಾನು ಪಶ್ಚಾತ್ತಾಪ ತೋಡಿಕೊಳ್ಳುವುದಕ್ಕಾಗಿ ಹೇಳುತ್ತಿಲ್ಲ. ನಾನು ಕೆಟ್ಟವನೆಂದು ತಾವು ಹೇಳಿದರೆ ಒಪ್ಪಿಕೊಳ್ಳುತ್ತೇನೆ. ಆದರೆ ತಮ್ಮನ್ನೊಂದು ಪ್ರಶ್ನೆ ಕೇಳಬೇಕಾಗಿದೆ. ಸಂಬಳದ ಒಬ್ಬ ಮೇಷ್ಟರ ಎದೆಗಾರಿಕೆಯ ಮೇಲೆ ಒಬ್ಬ ಹುಡುಗನ ವಿದ್ಯೆ ನಿಲ್ಲಬೇಕೆಂದು ಏರ್ಪಾಟು ಮಾಡಿದವರು ಯಾರು?

ಈಗ ಕಾಯದೆ ಏನು ಹೇಳುತ್ತದೆ ನೋಡೋಣ. ಮಕ್ಕಳ ಕಾಯದೆಗಳು ನಮಗೆ ಹೊಸವಲ್ಲ. 1964ರಲ್ಲಿ ಮೈಸೂರು ಮಕ್ಕಳ ಕಾಯದೆ ಬಂತು. 1986ರಲ್ಲಿ ಇಡೀ ದೇಶಕ್ಕೆ ಬಾಲನ್ಯಾಯ ಕಾಯದೆಯಾಯಿತು. 2000ದಲ್ಲಿ ಅದರ ಜಾಗದಲ್ಲಿ ಇನ್ನೊಂದು, 2015ರಲ್ಲಿ ಮತ್ತೊಂದು. 2015ರ ಕಾಯದೆಯ 46ನೆಯ ಕಲಂ ಹೇಳುವುದಿಷ್ಟು: ಹದಿನೆಂಟು ತುಂಬಿ ಮಕ್ಕಳ ಪಾಲನಾ ಸಂಸ್ಥೆಯನ್ನು ಬಿಡುವವರಿಗೆ, ಸಮಾಜದಲ್ಲಿ ಬೆರೆತು ಬಾಳಲು ಅನುಕೂಲವಾಗುವಂತೆ ಹಣದ ನೆರವು ಕೊಡಬಹುದು.

'ಕೊಡಬಹುದು' ಎಂಬ ಪದವನ್ನು ದಯವಿಟ್ಟು ಗಮನಿಸಬೇಕು. 'ಕೊಡತಕ್ಕದ್ದು' ಎಂದಿಲ್ಲ. ಕೊಡಬಹುದು ಎಂದರೆ ಕೊಡದೆಯೂ ಇರಬಹುದು. ಕಂದಾಯದ ಬಾಕಿಯನ್ನು ರೈತ 'ಕಟ್ಟಬಹುದು' ಎಂದು ಯಾವ ಸರಕಾರವಾದರೂ ಬರೆದುದುಂಟೆ? ತಾನು ತೆಗೆದುಕೊಳ್ಳುವಲ್ಲಿ 'ತಕ್ಕದ್ದು', ತಾನು ಕೊಡುವಲ್ಲಿ 'ಬಹುದು'. ಅಲ್ಲದೆ ಆ ಕಲಮಿನ ಮಾತು ಸಂಸ್ಥೆ ಬಿಟ್ಟವರಿಗೆ ಮಾತ್ರ. ಅದೇ ಕಾಯದೆಯ 44ನೆಯ ಕಲಮಿನಂತೆ ಸಾಕುಮನೆಗೆ ಕೊಟ್ಟ ಮಗುವಿಗೂ ಹದಿನೆಂಟು ತುಂಬುತ್ತದೆ ಎಂಬುದು 46ನೆಯ ಕಲಂ ಬರೆದವರಿಗೆ ನೆನಪಾದಂತಿಲ್ಲ.

ಇದಕ್ಕೆ 2016ರಲ್ಲಿ ಮಾದರಿ ನಿಯಮಗಳು ಬಂದವು. ಓದಲು ಅವು ಚೆನ್ನಾಗಿಯೇ ಇವೆ. ಇಪ್ಪತ್ತೊಂದರವರೆಗೆ ಅನುರಕ್ಷಣೆ, ವಿಶೇಷ ಸಂದರ್ಭದಲ್ಲಿ ಇನ್ನೂ ಎರಡು ವರ್ಷ. ಆರೆಂಟು ಮಂದಿ ಒಟ್ಟಿಗೆ ಇರುವ ತಾತ್ಕಾಲಿಕ ವಸತಿ. ಉನ್ನತ ಶಿಕ್ಷಣಕ್ಕೆ ವಿದ್ಯಾರ್ಥಿವೇತನ. ಸಂಸ್ಥೆ ಬಿಡುವ ಎರಡು ತಿಂಗಳು ಮುಂಚೆ ಪ್ರತಿಯೊಬ್ಬನಿಗೂ ಮುಂದಿನ ಯೋಜನೆಯೊಂದನ್ನು ಬರೆದು ಸಮಿತಿಯ ಮುಂದಿಡಬೇಕು ಎಂದೂ ಇದೆ. 2022ರಲ್ಲಿ ಬಂದ ಮಿಷನ್ ವಾತ್ಸಲ್ಯದ ಮಾರ್ಗಸೂಚಿಯಲ್ಲಿ ಅನುರಕ್ಷಣೆಗೆ ತಿಂಗಳಿಗೆ 4,000 ರೂಪಾಯಿ ಎಂದು ಗೊತ್ತುಮಾಡಿದ್ದಾರೆ. ನಾನು ಹೇಳಿದ ಹುಡುಗನಿಗಾಗಿ ಯೋಜನೆಯ ಒಂದು ಹಾಳೆಯನ್ನೂ ಯಾರೂ ಬರೆದಿರಲಿಲ್ಲ. ಅನುರಕ್ಷಣಾ ಗೃಹವಿದ್ದುದು ಬೇರೆ ಜಿಲ್ಲೆಯಲ್ಲಿ. ಅವನ ಕಾಲೇಜು ಇದ್ದುದು ಇಲ್ಲಿ. ಕಾಲೇಜು ಬೇಕೆಂದರೆ ಸೂರಿಲ್ಲ, ಸೂರು ಬೇಕೆಂದರೆ ಕಾಲೇಜಿಲ್ಲ.

ಹದಿನೆಂಟು, ಇಪ್ಪತ್ತೊಂದು ಎಂಬ ಈ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡಿರಿ. ಆರು ವರ್ಷಕ್ಕೆ ಒಂದನೆಯ ತರಗತಿಗೆ ಸೇರಿ, ಒಂದು ವರ್ಷವನ್ನೂ ಕಳೆದುಕೊಳ್ಳದೆ ಓದಿದ ಮಗು ಪಿ.ಯು.ಸಿ. ಮುಗಿಸುವುದೇ ಹದಿನೆಂಟಕ್ಕೆ. ಮೂರು ವರ್ಷದ ಪದವಿಗೆ ಇಪ್ಪತ್ತೊಂದು, ಎಂಜಿನಿಯರಿಂಗಿಗೆ ಇಪ್ಪತ್ತೆರಡು, ವೈದ್ಯಕೀಯಕ್ಕೆ ಇನ್ನೂ ಹೆಚ್ಚು. ಆದರೆ ಈ ಮಕ್ಕಳು ಎಲ್ಲಿಂದ ಬಂದವರು? ರೈಲ್ವೆ ನಿಲ್ದಾಣದಿಂದ, ಇಟ್ಟಿಗೆಗೂಡಿನಿಂದ, ಕುಡಿತಕ್ಕೆ ಬಲಿಯಾದ ಮನೆಯಿಂದ. ಎರಡು ಮೂರು ವರ್ಷ ಶಾಲೆ ತಪ್ಪಿದವರೇ ಹೆಚ್ಚು. ಅಂಥವನಿಗೆ ಎಸ್.ಎಸ್.ಎಲ್.ಸಿ.ಯ ಮರುವರ್ಷವೇ ಹದಿನೆಂಟು ಬಂದು ಕೂತಿರುತ್ತದೆ. ಇನ್ನೊಂದು ವಿಚಿತ್ರ. ಎಷ್ಟೋ ಮಕ್ಕಳಿಗೆ ತಾವು ಹುಟ್ಟಿದ ದಿನವೇ ಗೊತ್ತಿಲ್ಲ. ದಾಖಲೆಯಿಲ್ಲದಿದ್ದರೆ ವೈದ್ಯರು ಮೂಳೆ ಪರೀಕ್ಷಿಸಿ ಅಂದಾಜು ವಯಸ್ಸು ಹೇಳುತ್ತಾರೆ. 94ನೆಯ ಕಲಂ ಹಾಗೆಂದು ಹೇಳುತ್ತದೆ. ಅಂದಾಜಿನಲ್ಲಿ ಬರೆದುಕೊಂಡ ದಿನದಂದು ನಿಜವಾದ ಹುಡುಗ ನಿಜವಾದ ಬೀದಿಗೆ ಬರುತ್ತಾನೆ.

ನಮ್ಮ ನಿಮ್ಮ ಮಕ್ಕಳಿಗೆ ಹದಿನೆಂಟು ತುಂಬಿದ ದಿನ ಏನಾಗುತ್ತದೆ? ಅವರ ತಾಯಿ ಒಂದು ಪಾಯಸ ಮಾಡುತ್ತಾಳೆ. "ಇವತ್ತಿಗೆ ನಿನ್ನ ಲೆಕ್ಕ ತೀರಿತು, ಪೆಟ್ಟಿಗೆ ಕಟ್ಟು" ಎನ್ನುವ ತಂದೆಯನ್ನು ಊರು ಮನುಷ್ಯನೆಂದು ಕರೆಯುವುದಿಲ್ಲ. ಈ ಮಕ್ಕಳನ್ನು ಸರಕಾರ ಕಾಯದೆ ಮಾಡಿ, ಆಜ್ಞೆ ಹೊರಡಿಸಿ ತನ್ನ ವಶಕ್ಕೆ ತೆಗೆದುಕೊಂಡಿತು. ಅಂದಮೇಲೆ ಅದು ತಂದೆಯ ಜಾಗದಲ್ಲಿ ನಿಂತಿತು. ಆ ಜಾಗದಲ್ಲಿ ನಿಂತಮೇಲೆ ತಂದೆಯ ಹಾಗೆ ನಡೆದುಕೊಳ್ಳಬೇಕು.

ಇನ್ನು ಕಾಗದಪತ್ರಗಳ ಮಾತು. ನಮ್ಮ ರಾಜ್ಯದಲ್ಲಿ ಬಡ ವಿದ್ಯಾರ್ಥಿಗೆ ನೆರವು ಇಲ್ಲವೆಂದು ನಾನು ಹೇಳುವುದಿಲ್ಲ. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವಿದೆ. ಹಿಂದುಳಿದ ವರ್ಗದವರಿಗೆ, ಪರಿಶಿಷ್ಟರಿಗೆ, ಅಲ್ಪಸಂಖ್ಯಾತರಿಗೆ ವಿದ್ಯಾರ್ಥಿನಿಲಯಗಳಿವೆ. ಹೋರಾಡಿ ಪಡೆದ ಒಳ್ಳೆಯ ವ್ಯವಸ್ಥೆಗಳು ಅವು. ಆದರೆ ಪ್ರತಿಯೊಂದಕ್ಕೂ ಜಾತಿ ಪತ್ರ ಬೇಕು, ಆದಾಯ ಪತ್ರ ಬೇಕು. ಅವೆರಡೂ ತಂದೆಯ ಹೆಸರಿನಿಂದ ಹುಟ್ಟುವ ಪತ್ರಗಳು. ತಂದೆ ಯಾರೆಂದು ಗೊತ್ತಿಲ್ಲದವನ ಜಾತಿ ಯಾವುದು? ಅವನ ಕುಟುಂಬದ ವರಮಾನ ಎಷ್ಟು? ನಾವು ಜಾತಿ ಹೋಗಬೇಕೆಂದು ಭಾಷಣ ಮಾಡುತ್ತೇವೆ. ಜಾತಿಯೇ ಇಲ್ಲದವನೊಬ್ಬ ಕೊನೆಗೂ ಸಿಕ್ಕಿದ. ಆಗ ಕಚೇರಿ ಅವನನ್ನು ಏನು ಮಾಡಿತು? ಸಾಮಾನ್ಯ ವರ್ಗಕ್ಕೆ ಹಾಕಿ, ಎಕರೆಗಟ್ಟಲೆ ತೋಟವಿರುವವನ ಮಗನ ಪಕ್ಕದಲ್ಲಿ ಕೂರಿಸಿತು.

ಈ ನಾಡಿನಲ್ಲಿ ಬಡವರ ಮಕ್ಕಳು ಓದಿದ್ದು ಹೇಗೆಂಬುದು ಹಿರಿಯರಿಗೆ ಗೊತ್ತು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಎಂದು ವಾರಾನ್ನ ಉಂಡು ಓದಿದವರಿದ್ದರು. ಆಮೇಲೆ ಒಂದೊಂದು ಜನಾಂಗದವರೂ ಉಚಿತ ವಿದ್ಯಾರ್ಥಿನಿಲಯ ಕಟ್ಟಿಕೊಂಡರು. ಸಿದ್ಧಗಂಗೆಯಂಥ ಮಠಗಳಲ್ಲಿ ಸಾವಿರಾರು ಮಕ್ಕಳು ಉಂಡು ಓದಿದರು. ಆ ಉಪಕಾರವನ್ನು ನಾನು ಹಗುರ ಮಾಡುವುದಿಲ್ಲ. ಆದರೆ ವಾರಾನ್ನದ ಮನೆಯವರು ಬಾಗಿಲಲ್ಲೇ "ನಿಮ್ಮದು ಯಾವ ಪೈಕಿ?" ಎಂದು ಕೇಳುತ್ತಿದ್ದರು. ಯಾವ ಪೈಕಿಯೂ ಅಲ್ಲದವನಿಗೆ ಸರಕಾರವೊಂದೇ ದಿಕ್ಕು. ಆ ದಿಕ್ಕೂ ಅದೇ ಪ್ರಶ್ನೆ ಕೇಳಿದರೆ ಅವನು ಎಲ್ಲಿಗೆ ಹೋಗಬೇಕು?

ಮನಸ್ಸು ಮಾಡಿದರೆ ಸರಕಾರಕ್ಕೆ ಆಗುತ್ತದೆ ಎಂಬುದಕ್ಕೆ ಸಾಕ್ಷಿಯೂ ಇದೆ. ಕೊರೋನಾ ಕಾಲದಲ್ಲಿ ತಂದೆತಾಯಿಗಳನ್ನು ಕಳೆದುಕೊಂಡ ಮಕ್ಕಳಿಗಾಗಿ 2021ರ ಮೇ ತಿಂಗಳಲ್ಲಿ ಕೇಂದ್ರ ಸರಕಾರ ಪಿ.ಎಂ. ಕೇರ್ಸ್ ಯೋಜನೆ ಸಾರಿತು. ಹದಿನೆಂಟರ ಮೇಲೆ ತಿಂಗಳ ವೇತನ, ಇಪ್ಪತ್ತಮೂರು ತುಂಬಿದಾಗ ಹತ್ತು ಲಕ್ಷ ರೂಪಾಯಿ. ನಮ್ಮ ರಾಜ್ಯ ಸರಕಾರವೂ ಬಾಲಸೇವಾ ಯೋಜನೆಯೆಂದು ತಿಂಗಳಿಗೆ 3,500 ರೂಪಾಯಿ ಗೊತ್ತುಮಾಡಿತು. ಒಳ್ಳೆಯ ಕೆಲಸ; ಬೇಡವೆನ್ನುವವರು ಯಾರು? ಆದರೆ ತಾಯಿ ಕ್ಷಯದಿಂದ ಸತ್ತ ಮಗುವಿಗೆ ಹಸಿವು ಬೇರೆಯೆ? ತಂದೆ ಸಾಲದ ಬಾಧೆಗೆ ಹಗ್ಗ ಹಿಡಿದ ಹುಡುಗಿಗೆ ಕಾಲೇಜಿನ ಶುಲ್ಕ ಕಡಿಮೆಯೆ? ಯಾವ ರೋಗದಿಂದ ತಬ್ಬಲಿಯಾದೆ ಎಂದು ಕೇಳಿ ವಿದ್ಯೆ ಅಳೆಯುವುದು ನ್ಯಾಯವಲ್ಲ.

ಹೊರದೇಶಗಳಲ್ಲಿ ಏನಾಗಿದೆಯೆಂದು ಎರಡು ಮಾತು. ಅಮೆರಿಕದಲ್ಲಿ ಇಂಥ ಮಕ್ಕಳು ಹೆಚ್ಚಾಗಿ ಬೆಳೆಯುವುದು ಸಾಕುಮನೆಗಳಲ್ಲಿ. 1999ರಲ್ಲಿ ಅಲ್ಲಿ ಸೆನೆಟರ್ ಚೇಫಿಯವರ ಹೆಸರಿನ ಕಾರ್ಯಕ್ರಮ ಬಂತು. ಆಮೇಲೆ ಅದಕ್ಕೆ, ಓದುವವರಿಗೆ ವರ್ಷಕ್ಕೆ 5,000 ಡಾಲರಿನವರೆಗೆ ಕೊಡುವ ಏರ್ಪಾಟು ಸೇರಿತು. 2008ರ ಕಾಯದೆ ಇಪ್ಪತ್ತೊಂದರವರೆಗೆ ಪಾಲನೆ ಮುಂದುವರಿಸಲು ರಾಜ್ಯಗಳಿಗೆ ಹಣ ಒದಗಿಸಿತು. 2018ರಲ್ಲಿ ಓದಿನ ನೆರವಿನ ವಯಸ್ಸನ್ನು ಇಪ್ಪತ್ತಾರಕ್ಕೆ ಏರಿಸಲು ದಾರಿಯಾಯಿತು. ಹದಿಮೂರು ತುಂಬಿದ ಮೇಲೆ ಯಾವಾಗಲಾದರೂ ಸಾಕುಮನೆಯಲ್ಲಿದ್ದವನನ್ನು, ಕಾಲೇಜಿನ ಸಹಾಯಧನಕ್ಕೆ ಅರ್ಜಿ ಹಾಕುವಾಗ ತಂದೆತಾಯಿಯ ವರಮಾನ ಕೇಳುವಂತಿಲ್ಲ. ಇಂಗ್ಲೆಂಡಿನಲ್ಲಿ 2000ದ ಕಾಯದೆಯಿಂದ ಪಾಲನೆ ಬಿಟ್ಟವರಿಗೆ ಒಬ್ಬ ಸಲಹೆಗಾರನನ್ನು ಗೊತ್ತುಮಾಡಬೇಕಾಯಿತು; 2017ರ ಕಾಯದೆ ಇಪ್ಪತ್ತೈದರವರೆಗೆ ಆ ಸಲಹೆ ಕೇಳುವ ಹಕ್ಕು ಕೊಟ್ಟಿತು. ವಿಶ್ವವಿದ್ಯಾಲಯಕ್ಕೆ ಹೋದವರಿಗೆ 2,000 ಪೌಂಡು. ರಜೆಯಲ್ಲಿ ಇರಲು ಜಾಗವಿಲ್ಲದಿದ್ದರೆ ಜಾಗವನ್ನು ಅಥವಾ ಅದರ ಬಾಡಿಗೆಯನ್ನು ಸ್ಥಳೀಯ ಆಡಳಿತವೇ ಕೊಡಬೇಕು.

ಆ ದೇಶಗಳನ್ನು ಸ್ವರ್ಗವೆಂದು ನಾನು ಹೇಳುತ್ತಿಲ್ಲ. ಅಮೆರಿಕದ ಇಲಿನಾಯ್, ಅಯೋವ, ವಿಸ್ಕಾನ್ಸಿನ್ ರಾಜ್ಯಗಳಲ್ಲಿ ಇಂಥವರನ್ನು ವರ್ಷಾನುಗಟ್ಟಲೆ ಹಿಂಬಾಲಿಸಿ ನೋಡಿದ ಷಿಕಾಗೋದ ಸಂಶೋಧಕರಿಗೆ, ಇಪ್ಪತ್ತಾರನೆಯ ವಯಸ್ಸಿಗೆ ಎರಡು ವರ್ಷದ್ದೋ ನಾಲ್ಕು ವರ್ಷದ್ದೋ ಪದವಿ ಪಡೆದವರು ನೂರಕ್ಕೆ ಎಂಟು ಮಂದಿ ಮಾತ್ರ ಎಂದು ಕಂಡಿತು. ಅಷ್ಟು ಹಣವಂತ ದೇಶದಲ್ಲಿ! ಇದರಿಂದ ಕಲಿಯಬೇಕಾದ ಪಾಠವೊಂದಿದೆ. ಚೆಕ್ಕು ಬರೆದು ಕೈತೊಳೆದುಕೊಂಡರೆ ಸಾಲದು. ಹುಡುಗನಿಗೆ ಜ್ವರ ಬಂದಾಗ, ಒಂದು ವಿಷಯದಲ್ಲಿ ನಪಾಸಾದಾಗ, ಶುಲ್ಕದ ಗಡುವು ಮುಗಿಯುವಾಗ "ಏನಾಯಿತಪ್ಪಾ?" ಎಂದು ಕೇಳುವ ಒಬ್ಬ ಮನುಷ್ಯ ಬೇಕು. ಕ್ಯಾಲಿಫೋರ್ನಿಯಾದ ಫುಲರ್ಟನ್ ವಿಶ್ವವಿದ್ಯಾಲಯದಲ್ಲಿ 1998ರಲ್ಲೇ ಈ ವಿದ್ಯಾರ್ಥಿಗಳಿಗಾಗಿ ಒಂದು ಪ್ರತ್ಯೇಕ ಕಾರ್ಯಕ್ರಮ ಶುರುಮಾಡಿ, ಹಣದ ಜೊತೆಗೆ ಆಸರೆಯನ್ನೂ ಒದಗಿಸಿದರು. ಬೇರೆ ಕಾಲೇಜುಗಳೂ ಅದನ್ನು ಅನುಸರಿಸಿದವು.

ದೂರ ಹೋಗುವುದೇಕೆ? ನಮ್ಮ ದೇಶದಲ್ಲೇ ಹಿಮಾಚಲ ಪ್ರದೇಶವಿದೆ. ನಮ್ಮ ರಾಜ್ಯದ ಮುಂದೆ ವರಮಾನದಲ್ಲಿ ಬಹಳ ಚಿಕ್ಕದು. 2023ರಲ್ಲಿ ಅಲ್ಲಿ ಸುಖಾಶ್ರಯ ಎಂಬ ಕಾಯದೆಯನ್ನೇ ಮಾಡಿದರು. ಸುಮಾರು 6,000 ಮಂದಿ ನಿರ್ಗತಿಕ ಮಕ್ಕಳನ್ನು 'ರಾಜ್ಯದ ಮಕ್ಕಳು' ಎಂದು ಕರೆದು, ಇಪ್ಪತ್ತೇಳನೆಯ ವಯಸ್ಸಿನವರೆಗೆ ಓದಿನ ಖರ್ಚು, ವಸತಿಯ ಖರ್ಚು, ಕೈಖರ್ಚು ತಮ್ಮದೆಂದು ಒಪ್ಪಿಕೊಂಡರು. ಅದಕ್ಕೂ ಮುಂಚೆ 2018ರಲ್ಲಿ ಮಹಾರಾಷ್ಟ್ರದವರು ಅನಾಥರಿಗೆ ಶಿಕ್ಷಣದಲ್ಲೂ ಉದ್ಯೋಗದಲ್ಲೂ ನೂರಕ್ಕೆ ಒಂದು ಸ್ಥಾನ ಮೀಸಲಿಟ್ಟರು. ಸೀಟು ಒಂದು ಕಡೆಯಿಂದ, ಅನ್ನ ವಸತಿ ಇನ್ನೊಂದು ಕಡೆಯಿಂದ, ಎರಡೂ ಕೂಡಿದರೆ ತಾನೆ ಪದವಿ?

ಇಲ್ಲಿ ಇಬ್ಬರು ಆಕ್ಷೇಪಣೆ ಎತ್ತುತ್ತಾರೆ. ಮೊದಲನೆಯವನು ನಮ್ಮವನೇ. "ಕೂಲಿಯವನ ಮಗನಿಗೂ ಕಾಲೇಜು ಸಿಗುತ್ತಿಲ್ಲ, ಇವರಿಗೆ ಮಾತ್ರ ಏಕೆ?" ಎನ್ನುತ್ತಾನೆ. ಎಲ್ಲರಿಗೂ ಉಚಿತ ಉನ್ನತ ಶಿಕ್ಷಣ ನಮ್ಮ ಬೇಡಿಕೆ. ಅದನ್ನು ಬಿಟ್ಟವರು ಯಾರೂ ಇಲ್ಲ. ಆದರೆ ಕೂಲಿಯವನ ಮಗನಿಗೆ ದಸರಾ ರಜೆಗೆ ಹೋಗಲು ಒಂದು ಗುಡಿಸಲಿದೆ. ನಾನು ಹೇಳಿದ ಹುಡುಗ ಬಿ.ಎಸ್‌ಸಿ. ಮೊದಲ ವರ್ಷದ ದಸರೆಯಲ್ಲಿ ವಿದ್ಯಾರ್ಥಿನಿಲಯಕ್ಕೆ ಬೀಗ ಬಿದ್ದಾಗ ಹನ್ನೊಂದು ರಾತ್ರಿ ಬಸ್ ನಿಲ್ದಾಣದಲ್ಲಿ ಮಲಗಿದ. ನಾವೆಲ್ಲ ಬನ್ನಿ ಹಂಚುತ್ತ ಅದೇ ನಿಲ್ದಾಣದ ಮುಂದೆ ಓಡಾಡಿದೆವು. ನನಗೆ ಅದು ತಿಳಿದದ್ದು ತಿಂಗಳ ಮೇಲೆ, ಅವನ ಜೊತೆಯವನೊಬ್ಬನಿಂದ.

ಎರಡನೆಯವನು ಖಜಾನೆಯವನು. "ಹಣವೆಲ್ಲಿದೆ?" ಎನ್ನುತ್ತಾನೆ. ಲೆಕ್ಕ ಹಾಕೋಣ. ತಿಂಗಳಿಗೆ 4,000 ಎಂದರೆ ವರ್ಷಕ್ಕೆ 48,000. ಒಂದು ಜಿಲ್ಲೆಯಲ್ಲಿ ಇಂಥ ನೂರು ಮಂದಿ ಕಾಲೇಜು ಓದುತ್ತಾರೆಂದೇ ಇಟ್ಟುಕೊಳ್ಳಿ: ವರ್ಷಕ್ಕೆ 48 ಲಕ್ಷ. ಎರಡರಷ್ಟು ಕೊಟ್ಟರೂ ಒಂದು ಕೋಟಿಗೆ ನಾಲ್ಕು ಲಕ್ಷ ಕಡಿಮೆ. ಇಷ್ಟಕ್ಕೆ ಖಜಾನೆ ಬರಿದಾಗುವುದಿಲ್ಲ. ಹಣಕ್ಕಿಂತ ಮುಂಚೆ ಕಡಿಮೆ ಬಿದ್ದಿರುವುದು ಕೇಳುವವರು. ಈ ಮಕ್ಕಳ ಪರವಾಗಿ ಕಚೇರಿಯ ಮೇಜು ಗುದ್ದುವ ತಂದೆಯಿಲ್ಲ. ಆ ಕೆಲಸ ನಮ್ಮದಾಗಬೇಕು.

ಆದುದರಿಂದ ಈ ಸಭೆಯ ಮುಂದೆ ಐದು ಬೇಡಿಕೆಗಳನ್ನಿಡುತ್ತೇನೆ.

ಒಂದನೆಯದು, ನಮ್ಮ ರಾಜ್ಯವೂ ಕಾಯದೆ ಮಾಡಲಿ. ಅದರಲ್ಲಿ 'ಕೊಡಬಹುದು' ಬೇಡ, 'ಕೊಡತಕ್ಕದ್ದು' ಎಂದಿರಲಿ. ಸಂಸ್ಥೆಯಲ್ಲಿ ಬೆಳೆದವರ ಜೊತೆಗೆ ಸಾಕುಮನೆಯಲ್ಲಿ ಬೆಳೆದವರೂ ಸೇರಲಿ.

ಎರಡನೆಯದು, ನೆರವಿನ ಕೊನೆಯನ್ನು ವಯಸ್ಸಿನಿಂದ ಅಳೆಯದೆ ಓದಿನಿಂದ ಅಳೆಯಲಿ. ಸೇರಿದ ತರಗತಿ ಮುಗಿಯುವವರೆಗೆ, ನಡುವೆ ಬಿಟ್ಟವನು ಮರಳಿ ಬಂದರೆ ಅವನಿಗೂ.

ಮೂರನೆಯದು, ಮಕ್ಕಳ ಕಲ್ಯಾಣ ಸಮಿತಿ ಕೊಡುವ ಒಂದೇ ಪತ್ರ ಜಾತಿ ಪತ್ರಕ್ಕೂ ಆದಾಯ ಪತ್ರಕ್ಕೂ ಬದಲಾಗಿ ವಿದ್ಯಾರ್ಥಿವೇತನ, ವಿದ್ಯಾರ್ಥಿನಿಲಯ ಎಲ್ಲ ಕಡೆಯೂ ನಡೆಯಲಿ.

ನಾಲ್ಕನೆಯದು, ಪ್ರತಿ ಜಿಲ್ಲಾ ಕೇಂದ್ರದಲ್ಲಿ ರಜೆಯಲ್ಲೂ ಬೀಗ ಬೀಳದ ಒಂದೊಂದು ವಿದ್ಯಾರ್ಥಿನಿಲಯವಿರಲಿ, ಹುಡುಗಿಯರಿಗೆ ಬೇರೆ.

ಐದನೆಯದು, ವಿದ್ಯಾಸಾಲದ ಪತ್ರದಲ್ಲಿ ತಂದೆಯ ರುಜು ಬೇಕಾದಲ್ಲಿ ಸರಕಾರವೇ ಜಾಮೀನು ನಿಲ್ಲಲಿ. ಮಗುವನ್ನು ವಶಕ್ಕೆ ತೆಗೆದುಕೊಳ್ಳುವಾಗ ಹಾಕಿದ ರುಜುವನ್ನೇ ಇಲ್ಲೂ ಹಾಕಲಿ.

ಇವು ಸರಕಾರದಿಂದ ಆಗಬೇಕಾದವು. ಅಲ್ಲಿಯವರೆಗೆ ನಾವು ಕೈಕಟ್ಟಿ ಕೂರಬೇಕಾಗಿಲ್ಲ. ಈ ವರ್ಷ ನಮ್ಮ ಜಿಲ್ಲೆಯಲ್ಲಿ ಎಷ್ಟು ಮಂದಿಗೆ ಹದಿನೆಂಟು ತುಂಬುತ್ತದೆ, ಎಷ್ಟು ಮಂದಿಗೆ ಎರಡು ತಿಂಗಳ ಮುಂಚಿನ ಯೋಜನೆ ತಯಾರಾಗಿದೆ ಎಂದು ಹೆಸರುಗಳನ್ನು ಕೇಳದೆ, ಬರಿಯ ಸಂಖ್ಯೆಯನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕದಿಂದ ಮಾಹಿತಿ ಹಕ್ಕಿನಲ್ಲಿ ಕೇಳೋಣ. ಉತ್ತರವನ್ನು ಈ ಪತ್ರಿಕೆಯಲ್ಲಿ ಅಚ್ಚು ಹಾಕೋಣ. ಕಾಲೇಜು ಸೇರುವ ದಿನಗಳಲ್ಲಿ ಅರ್ಜಿ ತುಂಬಿಸಲು, ಕಚೇರಿಗೆ ಜೊತೆಯಲ್ಲಿ ಹೋಗಲು ನಮ್ಮಲ್ಲಿ ಹತ್ತು ಮಂದಿ ಮುಂದೆ ಬರಲಿ. ಆದರೆ ಒಂದು ಎಚ್ಚರ. ವೇದಿಕೆಗೆ ಕರೆದು, ಕೊರಳಿಗೆ ಹಾರ ಹಾಕಿ, "ಈ ಅನಾಥ ಬಾಲಕನಿಗೆ" ಎಂದು ಕೂಗಿ ಲಕೋಟೆ ಕೊಡುವ ಕೆಲಸ ಬೇಡ. ಪಡೆಯುವವನು ತಲೆತಗ್ಗಿಸದಂತೆ ಕೊಡಬೇಕು. ಹಕ್ಕಿಗೂ ಭಿಕ್ಷೆಗೂ ಇರುವ ಅಂತರ ಅಷ್ಟೆ.

ಆ ಹುಡುಗ ಬಿ.ಎಸ್‌ಸಿ. ಎರಡನೆಯ ವರ್ಷದ ನಡುವೆ ಬಿಟ್ಟುಹೋದ. ಈಗ ಬೆಂಗಳೂರಿನ ಒಂದು ಉಗ್ರಾಣದಲ್ಲಿ ಪೆಟ್ಟಿಗೆ ಎಣಿಸುತ್ತಾನೆ. ಲೆಕ್ಕದಲ್ಲಿ ಚುರುಕು ಎಂದೆನಲ್ಲ. ಹೋದ ತಿಂಗಳು ಫೋನು ಮಾಡಿದ್ದ. "ಸಾರ್, ಈಗ ಮತ್ತೆ ಕಟ್ಟಿದರೆ ಮುಗಿಸಬಹುದಾ? ನೆರವಿಗೆ ಕೇಳಿದೆ, ವಯಸ್ಸು ಮೀರಿತು ಅಂದರು" ಎಂದ. ಅವನಿಗೆ ಇಪ್ಪತ್ತಮೂರು ವರ್ಷ. ಇಪ್ಪತ್ತಮೂರಕ್ಕೆ ಕಲಿಯುವ ವಯಸ್ಸು ಮೀರಿದ ಮನುಷ್ಯನನ್ನು ನನ್ನ ಅಧ್ಯಾಪಕ ಜೀವನದಲ್ಲಿ ನಾನು ಕಂಡಿಲ್ಲ.

"ಕಟ್ಟು, ಮುಗಿಸಬಹುದು" ಎಂದು ಹೇಳಿದ್ದೇನೆ. ಈ ಸಲ ಎಲ್ಲಿ ರುಜು ಬೇಕೆಂದರೂ ಹಾಕುತ್ತೇನೆಂದೂ ಹೇಳಿದ್ದೇನೆ. ಅದು ನನ್ನ ಸ್ವಂತ ಬಾಕಿ, ನಾನು ತೀರಿಸಿಕೊಳ್ಳುತ್ತೇನೆ. ಆದರೆ ಈ ವರ್ಷ ತಗಡಿನ ಪೆಟ್ಟಿಗೆ ಹಿಡಿದು ಗೇಟಿನ ಹೊರಗೆ ಬರುವವರ ಬಾಕಿ ನಮ್ಮೆಲ್ಲರದು. ಅದನ್ನು ತಾವು ಮರೆಯಬಾರದೆಂದು ಕೇಳಿಕೊಂಡು ನನ್ನ ಮಾತು ಮುಗಿಸುತ್ತೇನೆ.